‘ಇಲ್ಲ’ ಎಂದ ಮೇಲೆ ಏನು?
ರಷ್ಯಾದ ನಿಹಿಲಿಸ್ಟರು, ಶಿರೂರು ಸೀಮೆಯ ರೈತರು ಮತ್ತು ಒಂದು ಪದದ ಪಯಣ

ಕನ್ನಡಿಗರಿಗೆ ಗೊತ್ತಿರುವ ಶಿರೂರುಗಳು ಒಂದೆರಡಲ್ಲ. ಉಡುಪಿಯ ಅಷ್ಟಮಠಗಳಲ್ಲಿ ಒಂದು ಶಿರೂರು, ಬಾಗಲಕೋಟೆಯ ಹತ್ತಿರ ಇನ್ನೊಂದು, ಅಂಕೋಲೆಯ ಹೆದ್ದಾರಿಯಲ್ಲಿ ಗುಡ್ಡ ಕುಸಿದದ್ದು ಮತ್ತೊಂದು. ಇಲ್ಲಿ ಹೇಳಹೊರಟಿರುವ ಶಿರೂರು ಇವು ಯಾವುವೂ ಅಲ್ಲ. ಪುಣೆಯಿಂದ ಅಹ್ಮದ್‌ನಗರಕ್ಕೆ ಹೋಗುವ ದಾರಿಯಲ್ಲಿ, ಘೋಡ್ ನದಿಯ ದಂಡೆಯ ಮೇಲಿರುವ ತಾಲ್ಲೂಕು ಕೇಂದ್ರ ಅದು. ಸಹ್ಯಾದ್ರಿಯ ಮಳೆ ಪುಣೆ ದಾಟುವಷ್ಟರಲ್ಲಿ ಸೋತುಹೋಗುತ್ತದೆ. ಶಿರೂರು ಸೀಮೆಗೆ ಉಳಿಯುವುದು ಜೋಳ, ಸಜ್ಜೆಗೆ ಸಾಕಾಗುವಷ್ಟು ತೇವ ಮಾತ್ರ. ಘೋಡ್ ಮುಂದೆ ಭೀಮೆಯನ್ನು ಸೇರುತ್ತದೆ, ಭೀಮೆ ಕರ್ನಾಟಕಕ್ಕೆ ಬರುತ್ತಾಳೆ. ಈ ಕಥೆಯೂ ಒಂದು ಹಂತದಲ್ಲಿ ಅದೇ ದಾರಿ ಹಿಡಿಯುತ್ತದೆ.

1874ರ ಡಿಸೆಂಬರಿನಲ್ಲಿ ಶಿರೂರು ತಾಲ್ಲೂಕಿನ ಕರಡೆ ಎಂಬ ಹಳ್ಳಿಯಲ್ಲಿ ಒಂದು ಜಗಳವಾಯಿತು. ಕಾಳೂರಾಮ್ ಎಂಬ ಸಾಹುಕಾರ, ಬಾಬಾಸಾಹೇಬ್ ದೇಶಮುಖ್ ಎಂಬ ಸಾಲಗಾರನನ್ನು ಮನೆಯಿಂದ ಎಬ್ಬಿಸಲು ಕೋರ್ಟಿನಿಂದ ಡಿಕ್ರಿ ತಂದ. ಸಾಲ ನೂರೈವತ್ತು ರೂಪಾಯಿ. ಅಂಥ ಡಿಕ್ರಿಗಳು ಆ ಸೀಮೆಗೆ ಹೊಸವಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಗೆ ಬಂದಿದ್ದ ಬೆಲೆ 1865ರ ನಂತರ ಬಿದ್ದುಹೋಗಿತ್ತು. ಬೆಲೆ ಏರಿದ್ದಾಗ ಕೇಳಿದಷ್ಟು ಸಾಲ ಕೊಟ್ಟ ಸಾಹುಕಾರರು ಈಗ ಕೈ ಬಿಗಿ ಹಿಡಿದರು. ಸರ್ಕಾರ ಅದೇ ಹೊತ್ತಿಗೆ ಭೂಕಂದಾಯವನ್ನು ಪರಿಷ್ಕರಿಸಿ ಏರಿಸಿತ್ತು. ಸಾಲಪತ್ರದ ಅವಧಿ ಮುಗಿಯುತ್ತಿದ್ದಂತೆ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿಕೊಳ್ಳುವುದು ರೂಢಿಯಾಗಿತ್ತು. ಓದು ಬಾರದ ರೈತ ಹೆಬ್ಬೆಟ್ಟು ಒತ್ತುತ್ತಿದ್ದ. ಹೊಲ ಅವನದೇ, ದುಡಿಮೆ ಅವನದೇ. ಕಾಗದ ಮಾತ್ರ ಸಾಹುಕಾರನದು. ಕೋರ್ಟಿಗೆ ಕಾಣುತ್ತಿದ್ದದ್ದು ಆ ಕಾಗದವೊಂದೇ.

ಕರಡೆಯವರು ಈ ಸಲ ಸುಮ್ಮನಿರಲಿಲ್ಲ. ಹೊರಗಿನಿಂದ ಬಂದ ಸಾಹುಕಾರರ ಅಂಗಡಿಯಲ್ಲಿ ಯಾರೂ ಏನೂ ಕೊಳ್ಳಕೂಡದು, ಅವರ ಹೊಲ ಯಾರೂ ಉಳಕೂಡದು ಎಂದು ಊರೊಟ್ಟಿಗೆ ನಿಶ್ಚಯಿಸಿದರು. ಕ್ಷೌರಿಕರು ಅವರ ಗಡ್ಡ ಮುಟ್ಟಲಿಲ್ಲ, ಅಗಸರು ಬಟ್ಟೆ ಒಗೆಯಲಿಲ್ಲ, ಚಮ್ಮಾರರು ಚಪ್ಪಲಿ ಹೊಲಿಯಲಿಲ್ಲ. ಬಹಿಷ್ಕಾರ ಹಳ್ಳಿಯಿಂದ ಹಳ್ಳಿಗೆ ಹಬ್ಬಿತು. 1875ರ ಮೇ 12ರಂದು ಸುಪೆ ಎಂಬ ಊರಿನ ಸಂತೆಯಲ್ಲಿ ಅದು ಬೆಂಕಿಯ ರೂಪ ತಾಳಿತು. ಬಳಿಕ ಶಿರೂರಿಗೂ, ಘೋಡ್ ನದಿಯಾಚೆಯ ಪಾರನೇರ, ಶ್ರೀಗೊಂದಾ ತಾಲ್ಲೂಕುಗಳಿಗೂ ದಾಟಿತು. ಆ ದೊಂಬಿಯಲ್ಲಿ ಒಂದು ಲಕ್ಷಣ ಎದ್ದು ಕಾಣುತ್ತಿತ್ತು. ರೈತರು ಸಾಹುಕಾರರ ಬಳಿ ಕೇಳಿದ್ದು ಸಾಲಪತ್ರಗಳನ್ನು. ಕೊಟ್ಟರೆ ಅವನ್ನು ಊರ ನಡುವೆ ಸುಟ್ಟು ಮನೆಗೆ ಹೋದರು. ಕೊಡದಿದ್ದ ಕಡೆ ಹೊಡೆತ, ಲೂಟಿ ನಡೆದವು. ಆದರೆ ಜನರ ಮೈಮೇಲೆ ಬಿದ್ದ ಘೋರ ಹಿಂಸೆ ಕಡಿಮೆ. ಒಂಬೈನೂರಕ್ಕೂ ಹೆಚ್ಚು ಜನರನ್ನು ಪೊಲೀಸರು ಹಿಡಿದರು. ಸರ್ಕಾರ ಆಯೋಗ ನೇಮಿಸಿತು. 1879ರಲ್ಲಿ ದಖನ್ ರೈತರ ಪರಿಹಾರ ಕಾಯಿದೆ ಬಂತು.

ಹೀಗೆ ಇಡೀ ಒಂದು ಸೀಮೆ ಕಾಗದವೊಂದರ ಅಧಿಕಾರವನ್ನು ‘ಇಲ್ಲ’ ಎಂದು ತಳ್ಳಿಹಾಕಿತು. ಅವರನ್ನು ಯಾರೂ ನಿಹಿಲಿಸ್ಟರು ಎಂದು ಕರೆಯಲಿಲ್ಲ. ಆ ಹೆಸರು ಆಗ ಬಹುದೂರದ ಇನ್ನೊಂದು ದೇಶದಲ್ಲಿ ಬೆಳೆಯುತ್ತಿತ್ತು. ಮೂವತ್ತು ವರ್ಷ ಕಳೆದ ಮೇಲೆ ಅದೇ ಘೋಡ್ ನದಿಯಾಚೆಯ ಒಬ್ಬ ಹುಡುಗ ಅದನ್ನು ಹುಡುಕಿಕೊಂಡು ಪ್ಯಾರಿಸಿಗೆ ಹೋಗುವವನಿದ್ದ.

ಕಪ್ಪೆ ಸೀಳುವ ಯುವಕ

‘ನಿಹಿಲ್’ ಎಂದರೆ ಲ್ಯಾಟಿನ್ನಿನಲ್ಲಿ ಏನೂ ಇಲ್ಲ ಎಂದು. ಜರ್ಮನಿಯ ಯಾಕೋಬಿ 1799ರಲ್ಲಿ ತತ್ವಜ್ಞಾನಿ ಫಿಕ್ಟೆಗೆ ಬರೆದ ಪತ್ರದಲ್ಲಿ ‘ನಿಹಿಲಿಸಂ’ ಅನ್ನು ಒಂದು ಬೈಗುಳದಂತೆ ಬಳಸಿದ್ದ: ಎಲ್ಲವನ್ನೂ ಬುದ್ಧಿಯಿಂದಲೇ ಅಳೆಯಹೊರಟರೆ ಕೊನೆಗೆ ಕೈಗೆ ಉಳಿಯುವುದು ಏನೂ ಇಲ್ಲ ಎಂಬುದು ಅವನ ದೂರು. ಆ ಪದವನ್ನು ಪಂಡಿತರ ಪತ್ರಗಳಿಂದ ಹೊರತೆಗೆದು ಬೀದಿಗೆ ಬಿಟ್ಟವನು ಇವಾನ್ ತುರ್ಗೆನೆವ್. 1862ರಲ್ಲಿ ಬಂದ ಅವನ ಕಾದಂಬರಿ ‘ತಂದೆಯರು ಮತ್ತು ಮಕ್ಕಳು’.

ಅದರ ನಾಯಕ ಬಜಾರೊವ್ ವೈದ್ಯಕೀಯ ಓದುವ ಯುವಕ. ಗೆಳೆಯನ ಹಳ್ಳಿಮನೆಗೆ ಬಂದವನು ಬೆಳಗಾಗುತ್ತಲೇ ಕೆರೆಯಿಂದ ಕಪ್ಪೆ ಹಿಡಿದು ತಂದು ಸೀಳಿ ನೋಡುತ್ತಾನೆ. ಕಾವ್ಯ, ಚಿತ್ರಕಲೆ, ಪ್ರೇಮ, ವಂಶಗೌರವ ಯಾವುದಕ್ಕೂ ಅವನು ತಲೆಬಾಗುವುದಿಲ್ಲ. ಪರೀಕ್ಷೆಗೆ ನಿಲ್ಲದ ಯಾವ ಅಧಿಕಾರವನ್ನೂ ಒಪ್ಪದವನು ನಿಹಿಲಿಸ್ಟ್ ಎಂದು ಅವನ ಗೆಳೆಯ ಮನೆಯ ಹಿರಿಯರಿಗೆ ವಿವರಿಸುತ್ತಾನೆ. ಎಲ್ಲವನ್ನೂ ಕೆಡವಿದ ಮೇಲೆ ಕಟ್ಟುವವರಾರು ಎಂದು ಹಿರಿಯರು ಕೇಳುತ್ತಾರೆ. ಅದು ನಮ್ಮ ಕೆಲಸವಲ್ಲ, ಮೊದಲು ನೆಲ ಹಸನಾಗಲಿ ಎಂಬುದು ಬಜಾರೊವ್‌ನ ಉತ್ತರ. ಕಾದಂಬರಿಯ ನಿಜವಾದ ಪ್ರಶ್ನೆ ಅಲ್ಲಿದೆ: ಇಲ್ಲ ಎಂದ ಮೇಲೆ ಏನು?

ತುರ್ಗೆನೆವ್ ತನ್ನ ನಾಯಕನನ್ನು ಪೂರ್ತಿ ಹೊಗಳಲಿಲ್ಲ, ಪೂರ್ತಿ ತೆಗಳಲೂ ಇಲ್ಲ. ಜನಸಾಮಾನ್ಯರೊಂದಿಗೆ ಮಾತಾಡುವುದು ತನಗೆ ಗೊತ್ತು ಎಂದು ಬಜಾರೊವ್ ಬೀಗುತ್ತಾನೆ. ಅದೇ ಹಳ್ಳಿಯ ರೈತರು ಅವನನ್ನು ಒಬ್ಬ ಕೋಡಂಗಿಯಂತೆ ಕಾಣುತ್ತಾರೆ ಎಂಬುದನ್ನು ಲೇಖಕ ಮೆಲ್ಲಗೆ ತಿಳಿಸುತ್ತಾನೆ. ಕೊನೆಗೆ ಟೈಫಸ್‌ನಿಂದ ಸತ್ತ ರೈತನೊಬ್ಬನ ಶವಪರೀಕ್ಷೆ ಮಾಡುವಾಗ ಬೆರಳು ಕುಯ್ದುಕೊಂಡು, ಆ ನಂಜಿನಿಂದಲೇ ಅವನು ಸಾಯುತ್ತಾನೆ. ಅವನ ಸಮಾಧಿಗೆ ಬಂದು ಅಳುವವರು ಅವನು ಒಪ್ಪದ ದೇವರನ್ನು ನಂಬಿದ ಮುದಿ ತಂದೆತಾಯಿ.

ಪುಸ್ತಕ ಬಂದ ವರ್ಷವೇ ಮೇ ತಿಂಗಳಲ್ಲಿ ಪೀಟರ್ಸ್‌ಬರ್ಗಿನ ಅಪ್ರಾಕ್ಸಿನ್ ಪೇಟೆ ಬೆಂಕಿಗೆ ಆಹುತಿಯಾಯಿತು. ಆಗ ಊರಿಗೆ ಮರಳಿದ ತುರ್ಗೆನೆವ್‌ಗೆ ಎದುರಾದ ಪರಿಚಿತನೊಬ್ಬ, ನಿಮ್ಮ ನಿಹಿಲಿಸ್ಟರ ಕೆಲಸ ನೋಡಿ ಎಂದನಂತೆ. ಕಪ್ಪೆ ಸೀಳುವವನಿಗಿಟ್ಟ ಹೆಸರು ಕೆಲವೇ ತಿಂಗಳಲ್ಲಿ ಬೆಂಕಿ ಹಚ್ಚುವವನ ಹೆಸರಾಗಿತ್ತು.

ಈ ಪದವನ್ನು ಕನ್ನಡಕ್ಕೆ ತರುವಾಗ ಸಾಮಾನ್ಯವಾಗಿ ‘ಶೂನ್ಯವಾದ’ ಎನ್ನುತ್ತೇವೆ. ಅದು ದಾರಿ ತಪ್ಪಿಸುವ ಅನುವಾದ. ನಮ್ಮಲ್ಲಿ ಶೂನ್ಯ ಎಂಬುದು ಬರಿದಾದ ಪಾತ್ರೆಯಲ್ಲ. ನಾಗಾರ್ಜುನನಿಗೆ ಅದು ಯಾವ ವಸ್ತುವೂ ತನ್ನಷ್ಟಕ್ಕೆ ತಾನೇ ನಿಂತಿಲ್ಲ ಎಂಬ ತಿಳಿವು. ಶರಣರಿಗೆ ಅದು ಸಂಪಾದಿಸಬೇಕಾದ ನೆಲೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ವಚನಗಳನ್ನು ಸಂವಾದವಾಗಿ ಜೋಡಿಸಿದಾಗ ಆ ಗ್ರಂಥಕ್ಕೆ ಬಂದ ಹೆಸರೇ ‘ಶೂನ್ಯ ಸಂಪಾದನೆ’. ಅಲ್ಲಮ ಕುಳಿತದ್ದು ಶೂನ್ಯ ಸಿಂಹಾಸನದ ಮೇಲೆ. ಬಜಾರೊವ್‌ನ ‘ಏನೂ ಇಲ್ಲ’ಕ್ಕೆ ಕೂರಲು ಸಿಂಹಾಸನವಿಲ್ಲ. ಅವನದು ನಿರಾಕರಣೆ. ‘ನಿರಾಕರಣವಾದ’ ಎಂದರೆ ಅವನಿಗೆ ಹತ್ತಿರವಾದೀತು. ಇಲ್ಲಿ ಮಾತ್ರ, ಪತ್ರಿಕೆಗಳಲ್ಲಿ ಬಂದ ಹಾಗೆ ‘ನಿಹಿಲಿಸ್ಟ್’ ಎಂದೇ ಇಟ್ಟುಕೊಳ್ಳುವುದು ಮೇಲು. ಏಕೆಂದರೆ ಆ ಪದ ಮುಂದೆ ಹೇಗೆಲ್ಲ ವೇಷ ಬದಲಿಸಿತು ಎಂಬುದೇ ಇಲ್ಲಿಯ ವಿಷಯ.

ಪುಸ್ತಕದಿಂದ ಬಾಂಬಿಗೆ

ಬಜಾರೊವ್ ಕೇಳದೆ ಬಿಟ್ಟ ಪ್ರಶ್ನೆಗೆ ಮೊದಲು ಉತ್ತರ ಬರೆದವನು ಚೆರ್ನಿಶೆವ್‌ಸ್ಕಿ, ಅದೂ ಸೆರೆಮನೆಯಲ್ಲಿ ಕುಳಿತು. 1863ರಲ್ಲಿ ಬಂದ ಅವನ ಕಾದಂಬರಿಯ ಹೆಸರೇ ‘ಏನು ಮಾಡಬೇಕು?’. ಅದರಲ್ಲಿ ಬರುವ ರಹ್ಮೆತೊವ್ ಎಂಬವನು ಕ್ರಾಂತಿಗಾಗಿ ಮೈಯನ್ನು ಹದಗೊಳಿಸಲು ಮೊಳೆಗಳ ಮೇಲೆ ಮಲಗುತ್ತಾನೆ. ಕಥೆಯಾಗಿ ಅದು ಸೊಪ್ಪೆ. ಆದರೆ ಒಂದು ಪೀಳಿಗೆ ಅದನ್ನು ಪುರಾಣದಂತೆ ಓದಿತು. ಯಾವುದನ್ನೂ ನಂಬದವನೆಂದು ಹೊರಟ ನಿಹಿಲಿಸ್ಟ್ ಇಲ್ಲಿ ಸನ್ಯಾಸಿಯಾಗಿದ್ದಾನೆ. ಅವನಿಗೀಗ ವ್ರತವಿದೆ, ತಪಸ್ಸಿದೆ, ಮೋಕ್ಷವೂ ಇದೆ.

ಇದರಲ್ಲಿರುವ ಅಪಾಯವನ್ನು ಕಂಡವನು ದಸ್ತಯೆವ್‌ಸ್ಕಿ. ಅವನು ಹೊರಗಿನಿಂದ ಟೀಕಿಸಿದವನಲ್ಲ. 1849ರಲ್ಲಿ ನಿಷೇಧಿತ ಬರಹ ಓದಿದ ತಪ್ಪಿಗೆ ಗುಂಡಿಕ್ಕುವ ಸಾಲಿನವರೆಗೂ ಹೋಗಿ, ಕೊನೆಯ ಗಳಿಗೆಯಲ್ಲಿ ಪ್ರಾಣ ಉಳಿದು, ಸೈಬೀರಿಯಾದಲ್ಲಿ ಕಠಿಣ ಶಿಕ್ಷೆ ಅನುಭವಿಸಿ ಬಂದವನು. 1866ರ ‘ಅಪರಾಧ ಮತ್ತು ಶಿಕ್ಷೆ’ಯಲ್ಲಿ ರಾಸ್ಕೋಲ್ನಿಕೊವ್ ಕೊಲ್ಲುವುದು ಒತ್ತೆ ಹಿಡಿದು ಸಾಲ ಕೊಡುವ ಮುದುಕಿಯನ್ನು. ಅವಳು ಊರಿಗೇ ಕಂಟಕ, ಅವಳ ಹಣದಿಂದ ನೂರು ಜನ ಬದುಕುತ್ತಾರೆ ಎಂಬುದು ಲೆಕ್ಕ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಆ ಗಳಿಗೆಯಲ್ಲಿ ಅವಳ ಸಾಧು ತಂಗಿ ಒಳಗೆ ಬರುತ್ತಾಳೆ. ಲೆಕ್ಕದಲ್ಲಿ ಇರದಿದ್ದ ಅವಳನ್ನೂ ಅವನು ಕೊಲ್ಲುತ್ತಾನೆ.

1869ರಲ್ಲಿ ಸೆರ್ಗೈ ನೆಚಾಯೆವ್ ಎಂಬ ಕ್ರಾಂತಿಕಾರಿ ತನ್ನ ಗುಂಪಿನ ಮಾತು ಮೀರಿದ ಇವಾನೊವ್ ಎಂಬ ವಿದ್ಯಾರ್ಥಿಯನ್ನು ಮಾಸ್ಕೋದಲ್ಲಿ ಸಂಗಡಿಗರ ಜೊತೆ ಸೇರಿ ಕೊಂದ. ದಸ್ತಯೆವ್‌ಸ್ಕಿಯ ‘ದೆವ್ವಗಳು’ ಕಾದಂಬರಿ ಹುಟ್ಟಿದ್ದು ಆ ಸುದ್ದಿಯಿಂದ. ಇವಾನೊವ್ ತ್ಸಾರನ ಅಧಿಕಾರಿಯಲ್ಲ, ಸಾಹುಕಾರನೂ ಅಲ್ಲ. ಅವನು ಮಾಡಿದ ಅಪರಾಧ ಸಂಶಯಪಟ್ಟದ್ದು. ಎಲ್ಲವನ್ನೂ ಸಂಶಯಿಸುವುದರಿಂದ ಹೊರಟ ಪಂಥ ಏಳೇ ವರ್ಷಗಳಲ್ಲಿ ಸಂಶಯಪಟ್ಟವನನ್ನು ಕೊಲ್ಲುವಲ್ಲಿಗೆ ಬಂದು ನಿಂತಿತ್ತು.

ರಷ್ಯಾದ ಎಲ್ಲ ಯುವಕರೂ ಆ ದಾರಿ ಹಿಡಿಯಲಿಲ್ಲ. 1874ರ ಬೇಸಿಗೆಯಲ್ಲಿ ಸಾವಿರಾರು ವಿದ್ಯಾರ್ಥಿಗಳು, ಹೆಣ್ಣುಮಕ್ಕಳೂ ಸೇರಿ, ರೈತರ ಉಡುಪು ತೊಟ್ಟು ಹಳ್ಳಿಗಳಿಗೆ ನಡೆದರು. ‘ಜನರ ಬಳಿಗೆ’ ಎಂಬುದು ಅವರ ಮಂತ್ರ. 1861ರಲ್ಲಿ ಜೀತದಿಂದ ಬಿಡುಗಡೆ ಪಡೆದ ರಷ್ಯಾದ ರೈತ, ತಾನೇ ಉಳುತ್ತಿದ್ದ ಭೂಮಿಗೆ 49 ವರ್ಷ ಕಂತು ಕಟ್ಟಬೇಕಾಗಿತ್ತು; ಅವನ ಕೊರಳಿಗೂ ಒಂದು ಕಾಗದ ಬಿದ್ದಿತ್ತು. ಆದರೂ ಪಟ್ಟಣದಿಂದ ಬಂದ ಈ ಹುಡುಗರ ಮಾತು ಅವನಿಗೆ ಹಿಡಿಸಲಿಲ್ಲ. ಕೆಲವೆಡೆ ರೈತರೇ ಅವರನ್ನು ಪೊಲೀಸರಿಗೆ ಒಪ್ಪಿಸಿದರು. ಬಜಾರೊವ್‌ನನ್ನು ಕೋಡಂಗಿಯೆಂದು ಕಂಡ ಹಳ್ಳಿ ಅದೇ.

ಅದೇ ವರ್ಷದ ಡಿಸೆಂಬರಿನಲ್ಲಿ ಕರಡೆಯ ರೈತರು ಯಾವ ವಿದ್ಯಾರ್ಥಿಯೂ ಬಂದು ಹೇಳಿಕೊಡದೆ ತಮ್ಮ ಸಾಲಪತ್ರಗಳ ವಿರುದ್ಧ ಎದ್ದರು. ಈ ಎರಡು ಸಂಗತಿಗಳಿಗೆ ಯಾವ ಸಂಬಂಧವೂ ಇಲ್ಲ. ಪಕ್ಕಪಕ್ಕ ಇಟ್ಟು ನೋಡಿದಾಗ ಮಾತ್ರ ಒಂದು ವಿಷಯ ಹೊಳೆಯುತ್ತದೆ. ಅಲ್ಲಿ ತತ್ವವಿತ್ತು, ರೈತನಿರಲಿಲ್ಲ. ಇಲ್ಲಿ ರೈತನಿದ್ದ, ತತ್ವ ಬೇಕಾಗಲಿಲ್ಲ. ಯಾವುದನ್ನು ಸುಡಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದು ಇವನಿಗೆ ತಿಳಿದಿತ್ತು.

ಹಳ್ಳಿಯಲ್ಲಿ ಸೋತ ರಷ್ಯಾದ ಯುವಕರಲ್ಲಿ ಒಂದು ಪಂಗಡ ಪಟ್ಟಣಕ್ಕೆ ಮರಳಿ ಬಾಂಬು ಹಿಡಿಯಿತು. 1878ರಲ್ಲಿ ವೆರಾ ಜಸೂಲಿಚ್ ಪೀಟರ್ಸ್‌ಬರ್ಗಿನ ಗವರ್ನರನ ಮೇಲೆ ಗುಂಡು ಹಾರಿಸಿದಳು. ಜ್ಯೂರಿ ಅವಳನ್ನು ಬಿಡುಗಡೆ ಮಾಡಿತು. 1881ರ ಮಾರ್ಚ್ 13ರಂದು ತ್ಸಾರ್ ಎರಡನೆಯ ಅಲೆಕ್ಸಾಂಡರ್ ಬಾಂಬಿಗೆ ಬಲಿಯಾದ. ಜೀತ ರದ್ದು ಮಾಡಿದ ತ್ಸಾರನೂ ಅವನೇ. ಮರುದಿನದಿಂದ ಜಗತ್ತಿನ ಪತ್ರಿಕೆಗಳಲ್ಲೆಲ್ಲ ನಿಹಿಲಿಸ್ಟ್ ಎಂದರೆ ಬಾಂಬು ಎಸೆಯುವವನು, ಅಷ್ಟೆ. ಹಳೆಯ ಕ್ರಾಂತಿಕಾರಿ ಕ್ರೊಪೋಟ್ಕಿನ್ 1899ರ ತನ್ನ ನೆನಪುಗಳಲ್ಲಿ ಈ ಗೊಂದಲದ ಮೇಲೆ ಬೇಸರಪಟ್ಟು, ನಿಹಿಲಿಸಂ ಒಂದು ಬದುಕುವ ರೀತಿ, ಸುಳ್ಳು ಶಿಷ್ಟಾಚಾರಗಳ ವಿರುದ್ಧದ ಬಂಡಾಯ, ಅದನ್ನು ಭಯೋತ್ಪಾದನೆಯೊಂದಿಗೆ ಬೆರೆಸಬೇಡಿ ಎಂದು ವಿವರಿಸಿದ. ಅವನ ಮಾತು ಯಾರಿಗೂ ಬೇಕಾಗಿರಲಿಲ್ಲ. ದೊರೆಗಳಿಗೆ ಆ ಬೆರಕೆಯಿಂದ ಅನುಕೂಲವಿತ್ತು: ಪ್ರಶ್ನೆ ಕೇಳುವವನಿಗೂ ಬಾಂಬು ಕಟ್ಟುವವನಿಗೂ ಒಂದೇ ಹೆಸರಿದ್ದರೆ ಇಬ್ಬರನ್ನೂ ಒಂದೇ ಬೇಡಿಯಲ್ಲಿ ಬಿಗಿಯಬಹುದು.

ಧಾಮಾರಿಯಿಂದ ದೇವರ ನಾವದಗಿಗೆ

1879ರ ಫೆಬ್ರುವರಿಯಲ್ಲಿ ಶಿರೂರು ತಾಲ್ಲೂಕು ಮತ್ತೆ ಸುದ್ದಿಯಾಯಿತು. ಧಾಮಾರಿ ಎಂಬ ಹಳ್ಳಿಯಲ್ಲಿ ಒಬ್ಬ ವರ್ತಕನ ಮನೆಗೆ ತಂಡವೊಂದು ನುಗ್ಗಿ, ಅಲ್ಲಿ ಇಟ್ಟಿದ್ದ ಸರ್ಕಾರಿ ತೆರಿಗೆಯ ಹಣವನ್ನು ಎತ್ತಿಕೊಂಡು ಹೋಯಿತು. ಸಿಕ್ಕ ಮೊತ್ತ ದೊಡ್ಡದಲ್ಲ. ತಂಡದಲ್ಲಿದ್ದವರು ರಾಮೋಶಿಗಳು, ಮುಂದಾಳು ಮಾತ್ರ ಪುಣೆಯ ಮಿಲಿಟರಿ ಲೆಕ್ಕಪತ್ರದ ಕಚೇರಿಯಲ್ಲಿ ಹದಿನೈದು ವರ್ಷ ಗುಮಾಸ್ತಿಕೆ ಮಾಡಿದ್ದ ವಾಸುದೇವ ಬಲವಂತ ಫಡ್ಕೆ. 1876ರಿಂದ 1878ರವರೆಗಿನ ಭೀಕರ ಬರದಲ್ಲಿ ದಖನ್ನಿನ ಹಳ್ಳಿಗಳನ್ನು ಸುತ್ತಿ, ಹಸಿವಿನಿಂದ ಸಾಯುವವರನ್ನು ಕಣ್ಣಾರೆ ಕಂಡವರು ಅವರು. ಬ್ರಿಟಿಷರ ಆಡಳಿತವನ್ನು ಕಿತ್ತೊಗೆಯುವುದೊಂದೇ ಮದ್ದು, ಅದಕ್ಕೆ ದಂಡು ಬೇಕು, ದಂಡಿಗೆ ಹಣ ಬೇಕು ಎಂಬುದು ಅವರ ಯೋಚನೆ. ಸರ್ಕಾರ ಅವರ ತಲೆಗೆ ಬೆಲೆ ಕಟ್ಟಿದಾಗ ಅವರು ಮುಂಬೈ ಗವರ್ನರನ ತಲೆಗೆ ಬೆಲೆ ಕಟ್ಟಿದರು.

ಫಡ್ಕೆ ರಷ್ಯನ್ನರನ್ನು ಓದಿ ಹೊರಟವರಲ್ಲ. ಅವರು ದೇವರಲ್ಲಿ ಗಾಢ ನಂಬಿಕೆಯಿದ್ದ ದತ್ತಭಕ್ತ. ಆದರೂ ರಷ್ಯಾದ ಯುವಕರಿಗೆ ಎದುರಾದ ಗೋಡೆಯೇ ಅವರಿಗೂ ಎದುರಾಯಿತು. ತಮ್ಮ ಜೊತೆಗಿದ್ದವರಲ್ಲಿ ಹಲವರಿಗೆ ಲೂಟಿಯ ಹಣದ ಮೇಲೆ ಇದ್ದ ಆಸಕ್ತಿ ದೇಶದ ಮೇಲೆ ಇಲ್ಲವೆಂದು ಕಂಡು ಅವರು ಹತಾಶರಾದರು. ಪುಣೆ ಬಿಟ್ಟು ಶ್ರೀಶೈಲದ ಮಲ್ಲಿಕಾರ್ಜುನನ ಸನ್ನಿಧಿಗೆ ಹೋದರು. ಅಷ್ಟರಲ್ಲಿ, 1879ರ ಮೇ ತಿಂಗಳಲ್ಲಿ, ಪುಣೆಯ ಬುಧವಾರ ವಾಡೆ ಬೆಂಕಿಯಲ್ಲಿ ಉರಿದುಹೋಯಿತು. ಪೀಟರ್ಸ್‌ಬರ್ಗಿನ ಮೇ ತಿಂಗಳು ಪುಣೆಗೆ ಬಂದಂತಾಯಿತು: ಬೆಂಕಿ ಯಾರು ಹಚ್ಚಿದರೆಂದು ತಿಳಿಯುವ ಮೊದಲೇ ಸಂಶಯ ಓದುಬರಹ ಬಲ್ಲವರೆಲ್ಲರ ಮೇಲೆ ಬಿತ್ತು. ಬಂದೂಕು ಕಂಡರಿಯದ ನ್ಯಾಯಾಧೀಶ ಮಹಾದೇವ ಗೋವಿಂದ ರಾನಡೆಯವರನ್ನೂ ಸರ್ಕಾರ ದೂರದ ಧುಳೆಗೆ ವರ್ಗ ಮಾಡಿತು.

ಅದೇ ಜುಲೈನಲ್ಲಿ ಫಡ್ಕೆ ಸಿಕ್ಕಿಬಿದ್ದದ್ದು ಕನ್ನಡದ ನೆಲದಲ್ಲಿ. ಆಗಿನ ಕಲಾದಗಿ ಜಿಲ್ಲೆ, ಈಗಿನ ವಿಜಯಪುರ ಜಿಲ್ಲೆಯ ಭೀಮಾ ಸೀಮೆಯ ದೇವರ ನಾವದಗಿಯಲ್ಲಿ, ಜ್ವರದಿಂದ ಬಳಲಿ ಗುಡಿಯಲ್ಲಿ ನಿದ್ರೆ ಹೋಗಿದ್ದವರನ್ನು ಮೇಜರ್ ಡೇನಿಯಲ್‌ನ ಪಡೆ ಹಿಡಿಯಿತು. ಪುಣೆಯಲ್ಲಿ ವಿಚಾರಣೆ ನಡೆಯಿತು. ಅವರ ಆತ್ಮಕಥನ ಮತ್ತು ದಿನಚರಿಯೇ ಸಾಕ್ಷ್ಯವಾದವು. ಜೀವಾವಧಿ ಗಡೀಪಾರಿನ ಶಿಕ್ಷೆಯಾಗಿ ಏಡನ್ನಿಗೆ ಹೋದ ಅವರು 1883ರ ಫೆಬ್ರುವರಿಯಲ್ಲಿ ಸೆರೆಮನೆಯ ಬಾಗಿಲನ್ನೇ ಕಿತ್ತು ತಪ್ಪಿಸಿಕೊಂಡು, ಮತ್ತೆ ಸಿಕ್ಕಿ, ಉಪವಾಸದಲ್ಲಿ ಪ್ರಾಣಬಿಟ್ಟರು.

ಶಿರೂರು ತಾಲ್ಲೂಕಿನ ಈ ಎರಡು ಘಟನೆಗಳ ನಡುವೆ ನಾಲ್ಕು ವರ್ಷಗಳಷ್ಟೇ ಅಂತರ. ಕರಡೆಯ ಹೆಸರಿಲ್ಲದ ಜನ ಕಾಗದ ಸುಟ್ಟು ಒಂದು ಕಾಯಿದೆ ಗಿಟ್ಟಿಸಿದರು. ಧಾಮಾರಿಗೆ ಬಂದ ಒಬ್ಬಂಟಿ ನಾಯಕ ಇಡೀ ಆಡಳಿತವನ್ನೇ ನಿರಾಕರಿಸಿ, ಒಬ್ಬಂಟಿಯಾಗಿಯೇ ಸತ್ತು, ನೆನಪಿನಲ್ಲಿ ಉಳಿದರು. ಇತಿಹಾಸಕ್ಕೆ ಎರಡೂ ಬೇಕಾದವು. ಪ್ರತಿಮೆ ಎದ್ದದ್ದು ಒಬ್ಬರಿಗೆ ಮಾತ್ರ.

ಪುಣೆಯ ಬಜಾರೊವ್

ಹಾಗಾದರೆ ತುರ್ಗೆನೆವ್ ಹೇಳಿದ ಅರ್ಥದ ನಿಹಿಲಿಸ್ಟ್, ಯಾವ ಅಧಿಕಾರಕ್ಕೂ ಕುರುಡಾಗಿ ಮಣಿಯದವನು, ಈ ಕಡೆ ಇರಲೇ ಇಲ್ಲವೇ? ಇದ್ದರು. ‘ಕೇಸರಿ’ ಪತ್ರಿಕೆ 1881ರ ಜನವರಿ 4ರಂದು ಹೊರಟಿತು. ತ್ಸಾರನ ಕೊಲೆಯ ದಿನಕ್ಕೆ ಅದಕ್ಕೆ ಇನ್ನೂ ಹತ್ತು ವಾರ ತುಂಬಿರಲಿಲ್ಲ. ಅದರ ಮೊದಲ ಸಂಪಾದಕ ಗೋಪಾಲ ಗಣೇಶ ಆಗರ್ಕರ್. ತಿಲಕರ ಜೊತೆ 101 ದಿನ ಸೆರೆಮನೆಯಲ್ಲಿದ್ದವರು. ದೇವರ ವಿಷಯದಲ್ಲಿ ತನಗೆ ತಿಳಿಯದ್ದನ್ನು ತಿಳಿದಿದೆ ಎಂದು ನಟಿಸಲು ಒಲ್ಲದವರು. ಬಾಲ್ಯವಿವಾಹ, ವಿಧವೆಯರ ಕೇಶಮುಂಡನ, ಜಾತಿ ಎಲ್ಲವನ್ನೂ ಪುರಾತನವೆಂಬ ಒಂದೇ ಕಾರಣಕ್ಕೆ ಒಪ್ಪಲಾರೆ ಎಂದರು. ತಿಲಕರೊಂದಿಗೆ ಮನಸ್ತಾಪ ಬೆಳೆದು ‘ಕೇಸರಿ’ ಬಿಟ್ಟು 1888ರಲ್ಲಿ ‘ಸುಧಾರಕ’ ಪತ್ರಿಕೆ ಹೊರಡಿಸಿದರು. ಪುಣೆಯ ಸನಾತನಿಗಳು ಅವರು ಬದುಕಿರುವಾಗಲೇ ಅವರ ಶವಯಾತ್ರೆ ನಡೆಸಿದರು. 1895ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ಅವರು ತೀರಿಕೊಂಡರು.

ಆಗರ್ಕರ್ ಬಜಾರೊವ್‌ಗಿಂತ ಒಂದು ಹೆಜ್ಜೆ ಮುಂದೆ ಹೋದವರು. ಕಟ್ಟುವುದು ನಮ್ಮ ಕೆಲಸವಲ್ಲ ಎಂದು ಅವರು ಕೈತೊಳೆದುಕೊಳ್ಳಲಿಲ್ಲ. ಗೆಳೆಯರೊಡನೆ ಶಾಲೆ, ಕಾಲೇಜು ಕಟ್ಟಿ, ಫರ್ಗ್ಯುಸನ್ ಕಾಲೇಜಿನ ಪ್ರಾಂಶುಪಾಲರಾಗಿ, ಕಡಿಮೆ ಸಂಬಳದಲ್ಲೇ ಬದುಕು ಮುಗಿಸಿದರು. ಅವರನ್ನು ಯಾರೂ ನಿಹಿಲಿಸ್ಟ್ ಎನ್ನಲಿಲ್ಲ. ಅವರ ಕೈಯಲ್ಲಿ ಬಾಂಬಿರಲಿಲ್ಲವಲ್ಲ!

ಮುಂದೆ ಭಾರತದಲ್ಲಿ ‘ನಿಹಿಲಿಸ್ಟ್’, ‘ಅನಾರ್ಕಿಸ್ಟ್’ ಎಂಬ ಮುದ್ರೆ ಬಿದ್ದದ್ದು ಗೀತೆಯನ್ನು ಕೈಯಲ್ಲಿ ಹಿಡಿದವರ ಮೇಲೆ, ಕಾಳಿಯ ಮುಂದೆ ಪ್ರತಿಜ್ಞೆ ಮಾಡಿದವರ ಮೇಲೆ. ಅವರು ನಂಬದವರಾಗಿರಲಿಲ್ಲ. ನಂಬಿಕೆ ತುಂಬಿ ತುಳುಕುತ್ತಿದ್ದವರು. ರಷ್ಯಾದಿಂದ ಭಾರತಕ್ಕೆ ಬಂದದ್ದು ಬಜಾರೊವ್‌ನ ಸಂಶಯವಲ್ಲ. ಅವನ ಮೊಮ್ಮಕ್ಕಳ ರಸಾಯನಶಾಸ್ತ್ರ.

ಪಾರನೇರದ ಹುಡುಗ

ಪಾಂಡುರಂಗ ಮಹಾದೇವ ಬಾಪಟ್ ಹುಟ್ಟಿದ್ದು 1880ರ ನವೆಂಬರ್ 12ರಂದು, ಘೋಡ್ ನದಿಯಾಚೆಯ ಪಾರನೇರದಲ್ಲಿ. ಐದು ವರ್ಷಗಳ ಹಿಂದೆ ಸಾಲಪತ್ರಗಳು ಸುಟ್ಟ ತಾಲ್ಲೂಕು ಅದು. ತ್ಸಾರ್ ಸತ್ತಾಗ ಅವರು ನಾಲ್ಕು ತಿಂಗಳ ಕೂಸು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ, ವಿದ್ಯಾರ್ಥಿವೇತನ ಪಡೆದು 1904ರಲ್ಲಿ ಎಂಜಿನಿಯರಿಂಗ್ ಕಲಿಯಲು ಎಡಿನ್‌ಬರ್ಗಿಗೆ ಹೋದರು. ಅಲ್ಲಿ ಬ್ರಿಟಿಷ್ ಆಳ್ವಿಕೆಯನ್ನು ಟೀಕಿಸಿ ಭಾಷಣ ಮಾಡಿದ್ದಕ್ಕೆ ವಿದ್ಯಾರ್ಥಿವೇತನ ನಿಂತುಹೋಯಿತು. ಲಂಡನ್ನಿನ ಇಂಡಿಯಾ ಹೌಸಿನ ಸಂಪರ್ಕಕ್ಕೆ ಬಂದರು.

1907ರಲ್ಲಿ ಬಾಪಟ್, ಬಂಗಾಳದ ಹೇಮಚಂದ್ರ ಕಾನೂನ್‌ಗೊ, ಮಿರ್ಜಾ ಅಬ್ಬಾಸ್ ಮೂವರೂ ಪ್ಯಾರಿಸಿನಲ್ಲಿ ದೇಶಭ್ರಷ್ಟ ರಷ್ಯನ್ನರಿಂದ ಬಾಂಬು ತಯಾರಿಸುವುದನ್ನು ಕಲಿತರು. ರಷ್ಯನ್ ಭಾಷೆಯ ಕೈಪಿಡಿಯೊಂದು ಅವರ ಕೈಗೆ ಬಂತು. ಅದರ ಪ್ರತಿಗಳು ಭಾರತಕ್ಕೆ ತಲುಪಿದವು. 1908ರ ಏಪ್ರಿಲ್ 30ರಂದು ಮುಜಫ್ಫರಪುರದಲ್ಲಿ ಖುದಿರಾಮ್ ಬೋಸ್ ಮತ್ತು ಪ್ರಫುಲ್ಲ ಚಾಕಿ ನ್ಯಾಯಾಧೀಶ ಕಿಂಗ್ಸ್‌ಫರ್ಡ್‌ಗೆ ಗುರಿಯಿಟ್ಟು ಎಸೆದ ಬಾಂಬು ತಪ್ಪು ಗಾಡಿಯ ಮೇಲೆ ಬಿತ್ತು. ಸತ್ತವರು ಕೆನಡಿ ಎಂಬ ತಾಯಿ, ಮಗಳು. ರಾಸ್ಕೋಲ್ನಿಕೊವ್‌ನ ಬಾಗಿಲಿಗೆ ಬಂದ ತಂಗಿಯಂತೆ ಅವರೂ ಲೆಕ್ಕದಲ್ಲಿ ಇದ್ದವರಲ್ಲ. ಖುದಿರಾಮನಿಗೆ ಆಗ ಹದಿನೆಂಟು ವರ್ಷ, ಅವನೂ ಗಲ್ಲಿಗೇರಿದ.

ಪುಣೆಯಲ್ಲಿ ತಿಲಕರು ಮೇ ಮತ್ತು ಜೂನ್ ತಿಂಗಳ ‘ಕೇಸರಿ’ಯಲ್ಲಿ ಈ ಬಗ್ಗೆ ಬರೆದರು. ಬಾಂಬು ದೇಶದ ದುರ್ದೈವ, ಆದರೆ ದಬ್ಬಾಳಿಕೆಯೇ ಅದನ್ನು ಹುಟ್ಟಿಸುತ್ತದೆ, ಇನ್ನಷ್ಟು ದಬ್ಬಾಳಿಕೆ ಅದಕ್ಕೆ ಮದ್ದಲ್ಲ ಎಂಬುದು ಲೇಖನಗಳ ಸಾರ. ರಷ್ಯಾದ ಹೆಸರು ಆ ದಿನಗಳಲ್ಲಿ ಎಲ್ಲರ ಬಾಯಲ್ಲೂ ಇತ್ತು. ರಷ್ಯಾದ ರೀತಿಯಲ್ಲಿ ಆಳಿದರೆ ರಷ್ಯಾದ ರೀತಿಯ ಉತ್ತರವೇ ಬರುತ್ತದೆ ಎಂಬ ಮಾತು ಪತ್ರಿಕೆಗಳಲ್ಲಿ ಓಡಾಡುತ್ತಿತ್ತು. ಜುಲೈ 22ರಂದು ತಿಲಕರಿಗೆ ಆರು ವರ್ಷಗಳ ಗಡೀಪಾರಿನ ಶಿಕ್ಷೆಯಾಯಿತು. ಬಾಂಬಿಗೆ ಕಾರಣ ಕೇಳಿದವರು ಮಂಡಾಲೆಗೆ ಹೋದರು.

ಅದೇ 1908ರ ಡಿಸೆಂಬರಿನಲ್ಲಿ ರಷ್ಯಾದಿಂದ ಇನ್ನೊಂದು ಕಾಗದ ಹೊರಟಿತು. ಕ್ರಾಂತಿಕಾರಿ ತಾರಕನಾಥ ದಾಸ್ ಬೆಂಬಲ ಕೇಳಿ ಬರೆದ ಪತ್ರಕ್ಕೆ ಮುದುಕ ಟಾಲ್‌ಸ್ಟಾಯ್ ಬರೆದ ಉತ್ತರ ಅದು. ಭಾರತೀಯರು ಗುಲಾಮರಾಗಿರುವುದು ತಾವೇ ಹಿಂಸೆಯ ನಿಯಮವನ್ನು ಒಪ್ಪಿರುವುದರಿಂದ. ಸಹಕರಿಸುವುದನ್ನು ನಿಲ್ಲಿಸಿದರೆ ಯಾರೂ ಆಳಲಾರರು ಎಂಬುದು ಅದರ ತಿರುಳು. ಅದನ್ನು ಓದಿ ಗುಜರಾತಿಗೆ ತಂದವರು ಗಾಂಧಿ. ಒಂದೇ ದೇಶ, ಒಂದೇ ವರ್ಷದ ಆಚೀಚೆ, ಎರಡು ಕಾಗದಗಳು: ಒಂದು ಬಾಂಬಿನ ಕೈಪಿಡಿ, ಇನ್ನೊಂದು ಅಸಹಕಾರದ ಪತ್ರ. ಎರಡೂ ‘ಇಲ್ಲ’ ಎನ್ನುವ ವಿದ್ಯೆಗಳೇ. ಕರಡೆಯ ಕ್ಷೌರಿಕರು, ಅಗಸರು ಮೂವತ್ತನಾಲ್ಕು ವರ್ಷಗಳ ಹಿಂದೆ ಮಾಡಿ ತೋರಿಸಿದ್ದು ಎರಡನೆಯದನ್ನು.

ಬಾಪಟ್ ಈ ಎರಡು ಕಾಗದಗಳ ನಡುವೆ ಬದುಕಿದವರು. ಅಲಿಪುರ ಮೊಕದ್ದಮೆಯ ನಂತರ ತಲೆಮರೆಸಿಕೊಂಡರು, ಸಿಕ್ಕಿಬಿದ್ದರು, ಬಿಡುಗಡೆಯಾಗಿ ಪಾರನೇರಕ್ಕೆ ಮರಳಿದರು. ಪ್ಯಾರಿಸಿನಿಂದ ಬಾಂಬಿನ ವಿದ್ಯೆ ತಂದವರು ಊರಲ್ಲಿ ಹಿಡಿದದ್ದು ಪೊರಕೆಯನ್ನು. ನಸುಕಿನಲ್ಲೇ ಎದ್ದು ಬೀದಿ ಗುಡಿಸಿದರು, ಪಾಯಿಖಾನೆ ತೊಳೆದರು, ಮಹಾರರ ಮಕ್ಕಳಿಗೆ ಅಕ್ಷರ ಕಲಿಸಿದರು. ಚಿತ್ಪಾವನ ಬ್ರಾಹ್ಮಣನೊಬ್ಬ 1910ರ ದಶಕದ ಹಳ್ಳಿಯೊಂದರಲ್ಲಿ ಹೀಗೆ ಮಾಡುವುದೆಂದರೆ ಅದು ಸಣ್ಣ ನಿರಾಕರಣೆಯಲ್ಲ. ಬಾಂಬು ಒಬ್ಬ ಅಧಿಕಾರಿಯನ್ನು ನಿರಾಕರಿಸುತ್ತದೆ. ಆ ಪೊರಕೆ ನಿರಾಕರಿಸಿದ್ದು ಸಾವಿರಾರು ವರ್ಷಗಳ ಅಧಿಕಾರವನ್ನು. ಜೊತೆಗೆ, ಅದರಿಂದ ಬೀದಿಯೂ ಶುಚಿಯಾಯಿತು.

1921ರಲ್ಲಿ ಪುಣೆಯ ಪಶ್ಚಿಮಕ್ಕೆ ಮುಳಶಿಯಲ್ಲಿ ಟಾಟಾ ಕಂಪನಿಯ ಅಣೆಕಟ್ಟಿಗೆ ಹಳ್ಳಿಗಳು ಮುಳುಗಲಿದ್ದವು. ವಿದ್ಯುತ್ತು ಮುಂಬೈಗೆ, ನೀರು ಮಾವಳ ರೈತರ ಗದ್ದೆಗಳ ಮೇಲೆ. ರೈತರ ಸತ್ಯಾಗ್ರಹಕ್ಕೆ ಬಾಪಟ್ ಮುಂದಾಳಾದರು. ‘ಸೇನಾಪತಿ’ ಎಂಬ ಬಿರುದು ಅಂಟಿಕೊಂಡದ್ದು ಅಲ್ಲಿ. ‘ಜೀವ ಇಲ್ಲವೆ ಜಮೀನು’ ಎಂಬುದು ಘೋಷಣೆ. ಅಲ್ಲಿಯೂ ಕಾಗದದ್ದೇ ತೊಡಕು: ಬಹಳಷ್ಟು ಭೂಮಿ ದಾಖಲೆಯಲ್ಲಿ ಸಾಹುಕಾರರ ಹೆಸರಿನಲ್ಲಿತ್ತು, ಪರಿಹಾರದ ಹಣ ಸಿಕ್ಕರೆ ಸಾಕೆಂದ ಅವರು ಹಿಂದೆ ಸರಿದರು. ಹೋರಾಟ ಸೋತಿತು. ಗಾಂಧಿಯ ಅಹಿಂಸೆಯನ್ನು ಪೂರ್ತಿ ಒಪ್ಪದ ಬಾಪಟ್ ಕೊನೆಯಲ್ಲಿ ಕಾಮಗಾರಿಯ ರೈಲನ್ನು ಬಲವಂತವಾಗಿ ತಡೆದು ಏಳು ವರ್ಷಗಳ ಸೆರೆವಾಸ ಪಡೆದರು. ಅಣೆಕಟ್ಟು ಎದ್ದಿತು.

ಕನ್ನಡಿಗರಿಗೆ ಈ ಹೆಸರು ಬೇರೊಂದು ಕಾರಣಕ್ಕೆ ಪರಿಚಿತ. ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆಂದು, ಗಡಿ ಪ್ರಶ್ನೆಗೆ ಆಯೋಗ ನೇಮಿಸಬೇಕೆಂದು 1966ರಲ್ಲಿ ಉಪವಾಸ ಕುಳಿತ ಎಂಬತ್ತೈದು ದಾಟಿದ ಮುದುಕ ಇದೇ ಸೇನಾಪತಿ ಬಾಪಟ್. ಆ ಅಕ್ಟೋಬರಿನಲ್ಲಿ ಮಹಾಜನ್ ಆಯೋಗ ರಚನೆಯಾಯಿತು. 1967ರ ಆಗಸ್ಟಿನಲ್ಲಿ ಅದು ಬೆಳಗಾವಿ ಮೈಸೂರು ರಾಜ್ಯದಲ್ಲೇ ಉಳಿಯಬೇಕೆಂದು ವರದಿ ಕೊಟ್ಟಿತು. ಆ ನವೆಂಬರಿನಲ್ಲಿ ಬಾಪಟ್ ತೀರಿಕೊಂಡರು. ಕನ್ನಡಿಗರು ಇಂದಿಗೂ ಆಧಾರವಾಗಿ ಮುಂದಿಡುವ ಆ ವರದಿಯ ಹಿಂದೆ, ಎದುರು ಪಕ್ಷದ ಒಬ್ಬ ಮುದುಕನ ಉಪವಾಸವೂ ಇದೆ.

ಮೂರು ಬಗೆಯ ‘ಇಲ್ಲ’

ರಷ್ಯಾದ ಕಾದಂಬರಿಗಳನ್ನು ಈಗ ಓದುವವರು ನಿಹಿಲಿಸಂ ಎಂದರೆ ಒಂದು ಮನಸ್ಥಿತಿ ಎಂದುಕೊಳ್ಳುತ್ತಾರೆ: ಯಾವುದಕ್ಕೂ ಅರ್ಥವಿಲ್ಲ ಎಂಬ ಖಿನ್ನತೆ, ರಾತ್ರಿ ನಿದ್ದೆ ಬಾರದವರ ತತ್ವ. ದಸ್ತಯೆವ್‌ಸ್ಕಿಯನ್ನು 1887ರಲ್ಲಿ ಓದತೊಡಗಿದ ನೀತ್ಸೆಯ ಮೂಲಕ ಈ ಅರ್ಥ ಗಟ್ಟಿಯಾಯಿತು. ಆದರೆ ಹುಟ್ಟುವಾಗ ಆ ಪದ ಖಿನ್ನತೆಯದಾಗಿರಲಿಲ್ಲ. ಯಾರ ಮಾತನ್ನು ಯಾಕೆ ಕೇಳಬೇಕು ಎಂಬ ಚುರುಕಾದ ಪ್ರಶ್ನೆ ಅದಾಗಿತ್ತು. ಆ ಪ್ರಶ್ನೆ ಶಿರೂರಿನ ಸುತ್ತ ಮೂರು ಬಗೆಯಲ್ಲಿ ಎದ್ದಿತು. ರೈತರು ಸಾಲಪತ್ರಕ್ಕೆ ‘ಇಲ್ಲ’ ಎಂದರು, ಆಗರ್ಕರ್ ಸಂಪ್ರದಾಯಕ್ಕೆ ‘ಇಲ್ಲ’ ಎಂದರು, ಫಡ್ಕೆ ಮತ್ತು ಬಾಪಟ್ ಸಾಮ್ರಾಜ್ಯಕ್ಕೆ ‘ಇಲ್ಲ’ ಎಂದರು. ಆಳುವವರು ಮೂರನೆಯದಕ್ಕಷ್ಟೇ ನಿಹಿಲಿಸಂ ಎಂದು ಹೆಸರಿಟ್ಟರು. ನಿಜದಲ್ಲಿ ಸಂಶಯದ ಲೇಶವೂ ಇಲ್ಲದಿದ್ದದ್ದು ಅದರಲ್ಲೇ.

ಬಜಾರೊವ್ ನೆಲ ಹಸನು ಮಾಡಲು ಹೊರಟು, ಬಿತ್ತುವ ಮಾತು ಬಂದಾಗ ಸುಮ್ಮನಾದ. ಅವನ ಹಿಂದೆ ಬಂದವರಲ್ಲಿ ಕೆಲವರು ಆ ಖಾಲಿ ಜಾಗವನ್ನು ಬಾಂಬಿನಿಂದ ತುಂಬಿದರು. ಪಾರನೇರದವರು ಅದೇ ಜಾಗದಲ್ಲಿ ನಿಂತು ಕಲಿತದ್ದು ಬೇರೆ. ಏನನ್ನು ಕೆಡವಬೇಕೆಂಬುದು ಒಂದು ದಿನದಲ್ಲಿ ನಿಶ್ಚಯವಾಗುವ ಮಾತು. ಕೆಡವಿದ ಮೇಲೆ ಮರುದಿನ ಬೆಳಿಗ್ಗೆ ಎದ್ದು ಮಾಡುವ ಕೆಲಸ ಯಾವುದು ಎಂಬುದಕ್ಕೆ ಇಡೀ ಬದುಕು ಬೇಕಾಗುತ್ತದೆ. ಪುಣೆಯಲ್ಲಿ, ಮುಂಬೈಯಲ್ಲಿ ಸೇನಾಪತಿ ಬಾಪಟ್ ಅವರ ಹೆಸರಿನ ದೊಡ್ಡ ರಸ್ತೆಗಳಿವೆ. ದಿನವೂ ನಸುಕಿನಲ್ಲಿ ಅವನ್ನೂ ಯಾರೋ ಗುಡಿಸುತ್ತಾರೆ.